ಇದು ಯಾರ ಮಾತು?

ನಿಮ್ಮ ಮನೆಯಲ್ಲಿ ಈ ವರ್ಷ ಕಾಲೇಜಿಗೆ ಸೇರಿದ ಮಗುವೊಂದಿದ್ದರೆ, ರಾತ್ರಿ ಹನ್ನೊಂದಾದರೂ ಅದರ ಕೋಣೆಯ ದೀಪ ಆರಿಲ್ಲದಿರುವುದನ್ನೂ, ಮುಂದಿರುವ ಹಾಳೆಯಲ್ಲಿ ಮಾತ್ರ ಎರಡು ಸಾಲಿಗಿಂತ ಹೆಚ್ಚು ಮೂಡದಿರುವುದನ್ನೂ ನೀವು ನೋಡಿರಬಹುದು. "ಅಷ್ಟೊಂದು ಮಾರ್ಕ್ಸ್ ತೆಗೆದವಳಿಗೆ ಎರಡು ಪುಟ ಬರೆಯೋಕೆ ಬರೋಲ್ವೇ?" ಎಂದು ಗದರುವ ಮೊದಲು ನಮ್ಮ ಮನೆಯ ಕಥೆಯನ್ನು ಸ್ವಲ್ಪ ಕೇಳಿ.

2018ರ ಜುಲೈ ತಿಂಗಳು. ನನ್ನ ತಂಗಿಯ ಮಗಳು ಹಾಸನದಿಂದ ದೆಹಲಿ ವಿಶ್ವವಿದ್ಯಾಲಯದಲ್ಲಿ ಓದಲು ಬಂದು, ಮಯೂರ್ ವಿಹಾರದ ನಮ್ಮ ಮನೆಯಲ್ಲಿ ಉಳಿದುಕೊಂಡಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಪಿ.ಯು.ಸಿ.ಯಲ್ಲಿ ನೂರಕ್ಕೆ 96. ಅವಳದು ಇತಿಹಾಸದ ಆನರ್ಸ್. ಅದರ ಜೊತೆಗೆ ಬೇರೆ ವಿಭಾಗದ ಒಂದು ವಿಷಯವನ್ನೂ ಓದಬೇಕೆಂಬುದು 2015ರಲ್ಲಿ ಬಂದ ಸಿ.ಬಿ.ಸಿ.ಎಸ್. ಪದ್ಧತಿಯ ನಿಯಮವಾಗಿತ್ತು. ಇವಳು ಆರಿಸಿಕೊಂಡದ್ದು ಇಂಗ್ಲಿಷ್ ವಿಭಾಗದ ‘ಅಕಾಡೆಮಿಕ್ ರೈಟಿಂಗ್ ಅಂಡ್ ಕಾಂಪೊಸಿಷನ್’. "ಪದ್ಯ ಇಲ್ಲ, ಷೇಕ್ಸ್‌ಪಿಯರ್ ಇಲ್ಲ, ಸುಲಭ ದೊಡ್ಡಮ್ಮ" ಎಂದಳು. ಪಠ್ಯಕ್ರಮದ ಹಾಳೆ ನೋಡಿದೆ. ಅದರ ಒಂದು ಘಟಕದ ಹೆಸರೇ ‘ಸ್ವಂತ ಮಾತಿನಲ್ಲಿ ಬರೆಯುವುದು’. ಇದಕ್ಕೂ ಒಂದು ಪಾಠ ಬೇಕೇ ಎಂದು ನಾನೂ ನಕ್ಕೆ.

ನೂರು ಅಂಕದಲ್ಲಿ 25 ಕಾಲೇಜಿನವರ ಕೈಯಲ್ಲಿ, ಅದರಲ್ಲಿ ಹತ್ತು ಅಸೈನ್‌ಮೆಂಟಿಗೆ. ಮೆಟ್ರೊ ರೈಲಿನ ಮಹಿಳಾ ಬೋಗಿಯ ಬಗ್ಗೆ ಪತ್ರಿಕೆಯಲ್ಲಿ ಬಂದಿದ್ದ ಒಂದು ಲೇಖನ ಕೊಟ್ಟು, ಅದರ ಸಾರಾಂಶವನ್ನೂ ನಿಮ್ಮ ಅಭಿಪ್ರಾಯವನ್ನೂ ಐನೂರು ಪದಗಳಲ್ಲಿ ಬರೆದು ತನ್ನಿ ಎಂದಿದ್ದರು. ಹುಡುಗಿ ಮೂರು ರಾತ್ರಿ ಕುಳಿತು, ದುಂಡಗಿನ ಅಕ್ಷರದಲ್ಲಿ ಬರೆದು ಕೊಟ್ಟಳು. ವಾರದ ಮೇಲೆ ವಾಪಸು ಬಂದಾಗ ಹತ್ತಕ್ಕೆ ಮೂರು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಇಂಗ್ಲಿಷಿನ ಒಂದೇ ಪ್ರಶ್ನೆ, "ಇದು ಯಾರ ಮಾತು?" ಕೆಳಗೆ, ಮತ್ತೆ ಬರೆದು ತರಬೇಕೆಂಬ ಸೂಚನೆ.

ಮುಖ ಊದಿಸಿಕೊಂಡು ಬಂದವಳು, "ನಾನು ಕದ್ದೆನಂತೆ ದೊಡ್ಡಮ್ಮ" ಎಂದಳು. ಅದೇ ಜುಲೈಯಲ್ಲಿ ಯು.ಜಿ.ಸಿ. ಕೃತಿಚೌರ್ಯದ ವಿರುದ್ಧ ನಿಯಮಾವಳಿ ಹೊರಡಿಸಿತ್ತು. ಬೇರೆಯವರ ಬರಹದೊಡನೆ ಹೋಲಿಕೆ ಶೇಕಡಾ ಹತ್ತರವರೆಗಿದ್ದರೆ ದಂಡವಿಲ್ಲ, ಅರವತ್ತು ಮೀರಿದರೆ ನೋಂದಣಿಯೇ ರದ್ದು. ಆ ಶಿಕ್ಷೆ ಇರುವುದು ಸಂಶೋಧನಾ ಪ್ರಬಂಧ ಬರೆಯುವವರಿಗೆ. ಆದರೆ ಯಾರೋ ಸೀನಿಯರ್ ಇವಳನ್ನು ಹೆದರಿಸಿಬಿಟ್ಟಿದ್ದಳು. ಅಂದು ರಾತ್ರಿ ಅವಳಮ್ಮನಿಗೆ ಫೋನು. ಕರ್ನಾಟಕ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಮಾಡಿಸು, ನಾನು ಅಲ್ಲೇ ಓದುತ್ತೇನೆ ಎಂದು ಅಳು.

ನಾನು ಇಂಗ್ಲಿಷಿನ ಬಿ.ಎ. ಅಲ್ಲವೇ, ಪೆನ್ನು ಹಿಡಿದು ತಿದ್ದಲು ಕುಳಿತೆ. ಇಲ್ಲೊಂದು ‘ದಿ’, ಅಲ್ಲೊಂದು ‘ಆಫ್’. ತಿದ್ದಿದಷ್ಟೂ ಅವಳ ಮುಖ ಚಿಕ್ಕದಾಯಿತು. ಆಮೇಲೆ ಮೂಲ ಲೇಖನವನ್ನು ಪಕ್ಕದಲ್ಲಿಟ್ಟು ನೋಡಿದರೆ, ವಾಕ್ಯಗಳೆಲ್ಲ ಅಲ್ಲಿಯವೇ! ಒಂದೊಂದು ಪದವನ್ನು ಮಾತ್ರ ನಿಘಂಟು ನೋಡಿ ಬದಲಾಯಿಸಿದ್ದಳು. ಬೈಯಬೇಕೆಂದುಕೊಂಡವಳು ಸುಮ್ಮನಾದೆ. ಮೈಸೂರಿನಲ್ಲಿ ಮೂರು ವರ್ಷ ನಾನು ಮಾಡಿದ್ದಾದರೂ ಏನು? ಗೈಡಿನ ಉತ್ತರವನ್ನು ಎಕ್ಸರ್‌ಸೈಜ್ ಪುಸ್ತಕಕ್ಕೆ ಇಳಿಸಿ, ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಕಕ್ಕಿ ಬಂದಿದ್ದೆ. ಫಸ್ಟ್ ಕ್ಲಾಸೂ ಬಂತು. ಇದು ಯಾರ ಮಾತು ಎಂದು ನನ್ನನ್ನು ಒಬ್ಬರೂ ಕೇಳಲಿಲ್ಲ.

ಮರುದಿನ ಸಂಜೆ ಹುರುಳಿಕಾಯಿ ಹೆಚ್ಚುತ್ತಾ ಅವಳನ್ನು ಎದುರಿಗೆ ಕೂರಿಸಿಕೊಂಡೆ. "ಆ ಲೇಖನ ಮುಚ್ಚಿಡು. ಅದರಲ್ಲಿ ಏನಿದೆ ಅಂತ ಊರಲ್ಲಿ ನಿಮ್ಮಜ್ಜಿಗೆ ಹೇಳೋ ಹಾಗೆ ಹೇಳು." ಕನ್ನಡದಲ್ಲಿ ಶುರು ಮಾಡಿದಳು. ಅರ್ಧದವರೆಗೆ ನೀರು ಹರಿದಂತೆ ಹೋಯಿತು, ಮೂರನೆಯ ಪ್ಯಾರಾಗೆ ಬಂದು ನಿಂತಿತು. ಮತ್ತೆ ತೆರೆದು ಓದಿದಳು, ಮತ್ತೆ ಮುಚ್ಚಿದಳು. "ಇದು ನಂಗೆ ಅರ್ಥವೇ ಆಗಿರ್ಲಿಲ್ಲ ದೊಡ್ಡಮ್ಮ!" ಎಂದಳು. ಅವಳ ಉತ್ತರದಲ್ಲಿ ನಕಲು ಅತಿ ಹೆಚ್ಚಾಗಿದ್ದದ್ದೂ ಅದೇ ಭಾಗದಲ್ಲಿ.

ರೆಬೆಕಾ ಮೂರ್ ಹೋವರ್ಡ್ ಎಂಬ ಅಮೆರಿಕದ ಅಧ್ಯಾಪಕಿ 1990ರ ದಶಕದಲ್ಲಿ ಇದಕ್ಕೊಂದು ಹೆಸರಿಟ್ಟರು. ನಮ್ಮ ಮಾತಿನಲ್ಲಿ ‘ತೇಪೆ ಬರವಣಿಗೆ’ ಎನ್ನಬಹುದು. ಹೊಸ ವಿಷಯದೊಡನೆ ಗುದ್ದಾಡುವ ವಿದ್ಯಾರ್ಥಿ ಹೀಗೆ ತೇಪೆ ಹಾಕುವುದನ್ನು ಕಳ್ಳತನವೆಂದು ನೋಡಬಾರದು, ಅದು ಕಲಿಕೆಯ ಒಂದು ಹಂತ ಎಂದು ಅವರ ವಾದ. ಈ ಸಂಗತಿ ನನಗೆ ಆಗಲೇ ಗೊತ್ತಿದ್ದರೆ ಹುಡುಗಿಯ ಅರ್ಧ ಅಳುವನ್ನಾದರೂ ತಪ್ಪಿಸುತ್ತಿದ್ದೆ.

ಸಾರಾಂಶವೇನೋ ಆಯಿತು. "ಈಗ ನಿನಗೆ ಏನನ್ನಿಸುತ್ತೆ ಹೇಳು" ಎಂದೆ. "ನಂಗೇನನ್ನಿಸಬೇಕು?" ಎಂದು ಕೇಳಿದಳು. ತಮಾಷೆಗಲ್ಲ, ನಿಜವಾಗಿಯೂ ಕೇಳಿದ್ದು. ಸರಿಯಾದ ಉತ್ತರ ಎಲ್ಲೋ ಅಚ್ಚಾಗಿದೆ, ಅದನ್ನು ಹುಡುಕಬೇಕು ಎಂದೇ ಹನ್ನೆರಡು ವರ್ಷ ಕಲಿತು ಬಂದಿದ್ದಾಳೆ, ಪಾಪ.

ದಿನಾ ನಮ್ಮ ಮನೆಯಿಂದ ಬ್ಲೂ ಲೈನಿನಲ್ಲಿ ಹೊರಟು, ರಾಜೀವ್ ಚೌಕದಲ್ಲಿ ಇಳಿದು, ಯೆಲ್ಲೋ ಲೈನ್ ಹತ್ತಿ ವಿಶ್ವವಿದ್ಯಾಲಯ ಸ್ಟೇಷನ್ನಿಗೆ ಹೋಗುವವಳು. ನಿಮಗೆ ತಿಳಿದಂತೆ, 2010ರ ಅಕ್ಟೋಬರಿನಿಂದ ಮೆಟ್ರೊದ ಮೊದಲ ಬೋಗಿ ಹೆಂಗಸರಿಗೆ ಮೀಸಲು. "ನೀನು ಯಾವುದರಲ್ಲಿ ಹತ್ತುತ್ತೀಯ?" ಎಂದೆ. ಆಗ ಬಾಯಿ ಬಿಟ್ಟಳು. ಮೊದಲ ಬೋಗಿಯಲ್ಲಾದರೆ ಬ್ಯಾಗನ್ನು ತಲೆದಿಂಬು ಮಾಡಿಕೊಂಡು ನಿದ್ದೆ ಮಾಡುತ್ತಾಳಂತೆ. ಬೇರೆ ಬೋಗಿಯಲ್ಲಾದರೆ ಅದೇ ಬ್ಯಾಗನ್ನು ಎದೆಗೆ ಅವುಚಿಕೊಂಡು ನಿಲ್ಲುತ್ತಾಳಂತೆ. ಒಂದು ಸಂಜೆ ಓಡಿಬಂದು ನಡುವಿನ ಬೋಗಿಗೆ ಹತ್ತಿದಾಗ ಒಬ್ಬ, "ಲೇಡೀಸ್ ಡಬ್ಬಾ ಆಗೇ ಹೈ" ಎಂದನಂತೆ. "ಎಷ್ಟು ಸಿಟ್ಟು ಬಂತು ಗೊತ್ತಾ? ಆ ಬೋಗಿ ಇದೆ ಅಂತ ಈ ಬೋಗಿಯೆಲ್ಲ ಅವನದ್ದಾಗೋಯ್ತಾ?"

"ಅದನ್ನೇ ಬರಿ."

"ಅದನ್ನೆಲ್ಲ ಬರೀಬಹುದಾ?"

ಆ ರಾತ್ರಿ ಬರೆದದ್ದು ಏಳು ಪುಟ. ಅರ್ಧ ಇಂಗ್ಲಿಷ್, ಅರ್ಧ ಕನ್ನಡ, ತುಂಬಾ ಸಿಟ್ಟು, ತಲೆಬುಡವಿಲ್ಲ. ನಾನು ಗಾಬರಿಯಾದೆ. ಮೊದಲು ಚೌಕಟ್ಟು, ಆಮೇಲೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಕಲಿತವರು ನಾವು. ಆದರೆ ಬರೆಯುವ ಕೆಲಸ ಅಷ್ಟು ನೆಟ್ಟಗೆ ಸಾಗುವುದಿಲ್ಲವಂತೆ. ಜ್ಯಾನೆಟ್ ಎಮಿಗ್ ಎಂಬಾಕೆ ಅಮೆರಿಕದಲ್ಲಿ ಹನ್ನೆರಡನೆಯ ತರಗತಿಯ ಎಂಟು ಮಕ್ಕಳನ್ನು ಕೂರಿಸಿ, ಬರೆಯುವಾಗ ಮನಸ್ಸಿಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತಾ ಬರೆಯಲು ಹೇಳಿದರು. 1971ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ, ಮಕ್ಕಳು ನಿಲ್ಲುವುದು, ಹಿಂದೆ ಹೋಗುವುದು, ಹೊಡೆದುಹಾಕುವುದು ಎಲ್ಲವೂ ಇದೆ. ಹಾರ್ವರ್ಡಿನಲ್ಲಿ 1885ರಿಂದಲೇ ಮೊದಲ ವರ್ಷದವರಿಗೆ ಬರವಣಿಗೆಯ ಪಾಠವಿತ್ತು. ಆದರೂ, ಮಗು ಬರೆಯುತ್ತಿರುವಾಗ ಪಕ್ಕದಲ್ಲಿ ಕುಳಿತು ನೋಡಬೇಕೆಂದು ಹೊಳೆಯಲು ಇಷ್ಟು ವರ್ಷ ಬೇಕಾಯಿತು ನೋಡಿ.

ಏಳು ಪುಟ ಮೂರಾಯಿತು. ಮೇಡಂ ಅದನ್ನು ಓದಿ, ಅಂಕ ಹಾಕದೆ, ಮತ್ತೊಂದು ಪ್ರಶ್ನೆ ಬರೆದು ಹಿಂದಕ್ಕೆ ಕೊಟ್ಟರು: "ನಿಮಗೆ ಆ ಬೋಗಿ ಬೇಕೋ, ಬೇಡವೋ?" ಇವಳು ಎರಡೂ ಬರೆದಿದ್ದಳು. ಮತ್ತೆ ಎರಡು ದಿನ ಒದ್ದಾಟ. ಕೊನೆಗೆ ಮೂರನೆಯ ಪ್ರತಿಯ ಕಟ್ಟಕಡೆಯ ಸಾಲಿನಲ್ಲಿ ಅದು ಬಂತು. ಆ ಬೋಗಿ ನನಗೆ ಬೇಕು, ಆದರೆ ಅಲ್ಲಿಗೆ ಹೋಗು ಎಂದು ನನ್ನನ್ನು ಅಟ್ಟುವ ಹಕ್ಕು ಯಾರಿಗೂ ಇಲ್ಲ ಎಂಬ ಅರ್ಥದ ಸಾಲು. ಬರೆದು ಮುಗಿಸಿದ ಮೇಲೆ ತಾನು ಹೇಳಬೇಕೆಂದಿದ್ದದ್ದು ಅವಳಿಗೆ ತಿಳಿಯಿತು! ಆ ಸಾಲನ್ನು ಎತ್ತಿ ಮೊದಲಿಗಿಟ್ಟು, ‘ಪುರಾತನ ಕಾಲದಿಂದಲೂ ಭಾರತೀಯ ನಾರಿಯು’ ಎಂಬ ಪೀಠಿಕೆಯನ್ನು ತಾನೇ ಹೊಡೆದುಹಾಕಿದಳು. (ಆ ಪೀಠಿಕೆ ನನಗೆ ಇಷ್ಟವಾಗಿತ್ತು. ಹೇಳಲಿಲ್ಲ.)

ಆಗ ಚಾಟ್‌ಜಿಪಿಟಿ ಇರಲಿಲ್ಲ, ಅದು ಬಂದದ್ದು 2022ರ ನವೆಂಬರಿನಲ್ಲಿ. ಈಗಾಗಿದ್ದರೆ ಐನೂರು ಪದ ಗಳಿಗೆಯಲ್ಲಿ ಸಿದ್ಧವಾಗುತ್ತಿತ್ತು, ನನ್ನ ಹುರುಳಿಕಾಯಿಯೂ ಬೇಗ ಮುಗಿಯುತ್ತಿತ್ತು. ನಡುವಿನ ಬೋಗಿಯ ಆ ಮನುಷ್ಯ ಮಾತ್ರ ಅದರಲ್ಲಿ ಇರುತ್ತಿರಲಿಲ್ಲ.

ನಾಲ್ಕನೆಯ ಪ್ರತಿಗೆ ಹತ್ತಕ್ಕೆ ಏಳೂವರೆ ಬಂತು. ಟಿಕೆಟ್ಟಿನ ಮಾತು ಮತ್ತೆ ಏಳಲಿಲ್ಲ. ಅರ್ಧ ಅಂಕ ಎಲ್ಲಿ ಹೋಯಿತೆಂದು ನಾನು ಕನ್ನಡಕ ಹಾಕಿಕೊಂಡು ಹುಡುಕಿದೆ. ಎರಡನೆಯ ಪುಟದಲ್ಲಿ ಒಂದು ‘ಆಫ್’ ಸುತ್ತ ಕೆಂಪು ಶಾಯಿಯ ಸೊನ್ನೆ ಇತ್ತು. ಅದು ಮೊದಲ ದಿನ ನಾನು ತಿದ್ದಿಕೊಟ್ಟಿದ್ದದ್ದು.