ಬೆಳೆಯುವ ಹುಡುಗನಿಗೆ ಕುಡಿತ ಏನು ಮಾಡುತ್ತದೆ?

ಜಾತ್ರೆ, ಬೀಗರೂಟ, ಹಬ್ಬದ ಮಾರನೆಯ ದಿನದ ಬಾಡೂಟ, ಚುನಾವಣೆ ಇವು ನಮ್ಮ ಹಳ್ಳಿಗಳಲ್ಲಿ ಹುಡುಗರ ಬಾಯಿಗೆ ಮೊದಲ ಗುಟುಕು ಬೀಳುವ ಸಮಯಗಳು. ಕೊಡುವವರು ಸಾಮಾನ್ಯವಾಗಿ ಹೊರಗಿನವರಲ್ಲ. ಅಣ್ಣನೋ, ಸೋದರಮಾವನೋ, ಜೊತೆಯಲ್ಲಿ ಕಬ್ಬು ಕಡಿಯುವ ದೊಡ್ಡವನೋ ಆಗಿರುತ್ತಾನೆ. ಹುಡುಗ ಕುಡಿದೂ ನೆಟ್ಟಗೆ ನಡೆದರೆ "ಗಟ್ಟಿಗ ಕಣಯ್ಯಾ ನಿನ್ನ ಮಗ, ತಡ್ಕೋತಾನೆ" ಎಂದು ತಂದೆಯ ಮುಂದೆಯೇ ಹೊಗಳುವುದುಂಟು. ಈ ಹೊಗಳಿಕೆಯೊಳಗೆ ಎಂಥ ಅಪಾಯ ಅಡಗಿದೆ ಎಂಬುದನ್ನು ರೈತ ಬಾಂಧವರು ಅವಶ್ಯವಾಗಿ ತಿಳಿದಿರಬೇಕು.

ಕರ್ನಾಟಕದಲ್ಲಿ ಸಾರಾಯಿ ಮಾರಾಟ 2007ರ ಜುಲೈ 1ರಿಂದ ನಿಂತಿತು. ಸಾರಾಯಿ ಹೋಯಿತೇ ಹೊರತು ಕುಡಿತ ಹೋಗಲಿಲ್ಲ. ಈಗ ಅಂಗಿಯ ಜೇಬಿನಲ್ಲಿ ಹಿಡಿಯುವ 90 ಮಿಲಿಲೀಟರಿನ ಪ್ಯಾಕೆಟ್ಟುಗಳು ಬಂದಿವೆ. ಅವುಗಳ ಮೇಲೆ ಶೇಕಡ 42.8 ಎಂದು ಅಚ್ಚಾಗಿರುವುದನ್ನು ಓದಿ ನೋಡಿರಿ. ಹಾಗೆಂದರೆ ಒಂದು ಪ್ಯಾಕೆಟ್ಟಿನಲ್ಲಿ ಸುಮಾರು 30 ಗ್ರಾಂ ಅಪ್ಪಟ ಮದ್ಯಸಾರವಿದೆ. ಉಳಿದುದು ಬಹುಮಟ್ಟಿಗೆ ನೀರು.

ಈ 30 ಗ್ರಾಂ ಮದ್ಯಸಾರ 70 ಕಿಲೋ ತೂಗುವ ಗಂಡಸಿನ ಮೈಯಲ್ಲಿ ಹರಡಿಕೊಳ್ಳುವುದು ಒಂದು ಬಗೆ, 40 ಕಿಲೋ ತೂಗುವ ಹದಿನಾಲ್ಕರ ಹುಡುಗನ ಮೈಯಲ್ಲಿ ಹರಡಿಕೊಳ್ಳುವುದು ಇನ್ನೊಂದು ಬಗೆ. ಇಪ್ಪತ್ತು ಲೀಟರಿನ ಕ್ಯಾನಿಗೆ ಹಾಕುವ ಔಷಧಿಯನ್ನೆಲ್ಲ ಹತ್ತು ಲೀಟರಿಗೆ ಸುರಿದರೆ ಬೆಳೆಗೆ ಏನಾಗುತ್ತದೆಂಬುದು ನಿಮಗೆ ಗೊತ್ತೇ ಇದೆ. ಲೆಕ್ಕ ಹಾಕಿದರೆ, ಆ ಹುಡುಗ ಒಂದೇ ಪ್ಯಾಕೆಟ್ಟನ್ನು ಬರಿ ಹೊಟ್ಟೆಯಲ್ಲಿ ಬೇಗ ಕುಡಿದಾಗ ಅವನ ರಕ್ತದಲ್ಲಿ ಸೇರುವ ಮದ್ಯಸಾರ, ವಾಹನ ನಡೆಸುವವರಿಗೆ ಕಾಯಿದೆ ಇಟ್ಟಿರುವ ಮಿತಿಯ ಮೂರು ಪಟ್ಟನ್ನು ಮುಟ್ಟುತ್ತದೆ. ಹೆಣ್ಣುಮಕ್ಕಳ ಮೈಯಲ್ಲಿ ನೀರಿನಂಶ ಕಡಿಮೆಯಾದ್ದರಿಂದ, ಅಷ್ಟೇ ತೂಕದ ಹುಡುಗಿಯಲ್ಲಿ ಇದು ಇನ್ನೂ ಹೆಚ್ಚುತ್ತದೆ.

ಏರಿದ್ದು ಇಳಿಯುವುದು ನಿಧಾನ. ಡಾಕ್ಟರು ಲಿವರ್ ಎನ್ನುವ ಯಕೃತ್ತು ಈ ಕೆಲಸವನ್ನು ತನ್ನದೇ ವೇಗದಲ್ಲಿ ಮಾಡುತ್ತದೆ. ಹಿಟ್ಟಿನ ಗಿರಣಿಯ ಮುಂದೆ ಎಷ್ಟು ಚೀಲ ಸಾಲುಗಟ್ಟಿದರೂ ಗಂಟೆಗೆ ಬೀಸುವುದು ಅಷ್ಟೇ ಅಲ್ಲವೇ? ಇದೂ ಹಾಗೆಯೇ. ಆ ಹುಡುಗನ ರಕ್ತ ಶುದ್ಧವಾಗಲು ಐದಾರು ಗಂಟೆ ಹಿಡಿಯುತ್ತದೆ. ನಿಂಬೆರಸ, ಮಜ್ಜಿಗೆ, ಕಾಫಿ, ತಲೆಯ ಮೇಲೆ ಸುರಿದ ತಣ್ಣೀರು ಇವಾವುವೂ ಅದನ್ನು ಒಂದು ನಿಮಿಷವೂ ಬೇಗ ಮಾಡಲಾರವು.

ಇನ್ನು ಮಿದುಳಿನ ವಿಷಯ. ಹದಿನೈದು ಹದಿನಾರಕ್ಕೆ ಮೀಸೆ ಚಿಗುರುತ್ತದೆ, ಮೂಟೆ ಎತ್ತುವ ಶಕ್ತಿ ಬರುತ್ತದೆ. ಆದರೆ ಹಿಂದುಮುಂದು ನೋಡಿ "ಬೇಡ" ಎಂದು ತಡೆಯುವ, ಹಣೆಯ ಹಿಂದಿರುವ ಮಿದುಳಿನ ಭಾಗ ಎಲ್ಲಕ್ಕಿಂತ ಕಡೆಗೆ ಬಲಿಯುತ್ತದೆ. ಅದು ಪೂರ್ತಿ ಬಲಿಯುವುದು ಸುಮಾರು ಇಪ್ಪತ್ತೈದರ ಸುಮಾರಿಗೆ. ಎತ್ತಿಗೆ ಬಲ ಬಂದಿದೆ, ಮೂಗುದಾರ ಇನ್ನೂ ಬಿದ್ದಿಲ್ಲ ಎನ್ನುವ ವಯಸ್ಸು ಅದು. ಮದ್ಯಸಾರ ಮೊದಲು ಮಂಕಾಗಿಸುವುದೂ ಈ ತಡೆಯುವ ಶಕ್ತಿಯನ್ನೇ. ಸ್ವಭಾವತಃ ಸಂಕೋಚದ ಹುಡುಗ ಕುಡಿದ ಮೇಲೆ ಜಗಳಕ್ಕೆ ನಿಲ್ಲುವುದು, ಈಜು ಬಾರದಿದ್ದರೂ ಬಾವಿಗೆ ಹಾರುವುದು, ಮೂವರನ್ನು ಕೂರಿಸಿಕೊಂಡು ಮೋಟಾರ್ ಸೈಕಲ್ ಓಡಿಸುವುದು ಇದರಿಂದಲೇ. ಜೊತೆಗಾರರು ಸುತ್ತ ಇದ್ದರಂತೂ ಈ ವಯಸ್ಸಿನಲ್ಲಿ ಅಪಾಯದ ಕೆಲಸಕ್ಕೆ ಕೈಹಾಕುವ ಹುಮ್ಮಸ್ಸು ಕುಡಿಯದೆಯೂ ಹೆಚ್ಚು.

ಈಗ "ತಡ್ಕೋತಾನೆ" ಎಂಬ ಮಾತಿಗೆ ಬರೋಣ. ಹರೆಯದ ಇಲಿಗಳಿಗೂ ಬಲಿತ ಇಲಿಗಳಿಗೂ ಮದ್ಯಸಾರ ಕೊಟ್ಟು ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಹರೆಯದ ಇಲಿಗಳಿಗೆ ನಿದ್ರೆ ಬರುವುದು ತಡ, ಕಾಲು ತಡವರಿಸುವುದೂ ಕಡಿಮೆ. ಆದರೆ ಕಲಿತದ್ದನ್ನು ನೆನಪಿಡುವ ಶಕ್ತಿಗೆ ಅವುಗಳಲ್ಲಿಯೇ ಹೆಚ್ಚು ಪೆಟ್ಟು. ಇದರ ಅರ್ಥವೇನು? ದೊಡ್ಡವನಿಗೆ ಕಣ್ಣು ಎಳೆದು, ಕಾಲು ಸೋತು, "ಇನ್ನು ಸಾಕು" ಎಂದು ದೇಹವೇ ಹೇಳುತ್ತದೆ. ಎಳೆಯದರಲ್ಲಿ ಆ ಎಚ್ಚರಿಕೆಯ ಗಂಟೆ ಸರಿಯಾಗಿ ಬಾರಿಸುವುದಿಲ್ಲ. ಆದ್ದರಿಂದ ಇನ್ನೊಂದು ಪ್ಯಾಕೆಟ್ಟು ಒಳಕ್ಕೆ ಹೋಗುತ್ತದೆ. ನಾವು ಗಟ್ಟಿತನವೆಂದು ಬೆನ್ನು ತಟ್ಟುವುದು ಒಳಗೆ ಹಾನಿ ನಡೆಯುತ್ತಿರುವಾಗಲೂ ಹೊರಗೆ ಕಾಣದ ಸ್ಥಿತಿಯನ್ನು. ತೆನೆಗೆ ಹಾಲು ತುಂಬುವ ಹೊತ್ತಿನಲ್ಲಿ ನೀರು ತಪ್ಪಿದ ರಾಗಿ ಹೊಲ ದೂರಕ್ಕೆ ಹಸಿರಾಗಿಯೇ ಕಾಣುತ್ತದೆ. ಜಳ್ಳು ಗೊತ್ತಾಗುವುದು ಕಣದಲ್ಲಿ.

ಎಳೆವಯಸ್ಸಿನಲ್ಲಿ ಹಿಡಿದ ಚಟ ಬೇರೂರುವುದೂ ಹೆಚ್ಚು. ಅಮೆರಿಕ ದೇಶದಲ್ಲಿ ನಡೆದು 1997ರಲ್ಲಿ ವರದಿಯಾದ ದೊಡ್ಡ ಸಮೀಕ್ಷೆಯೊಂದರ ಪ್ರಕಾರ, 15 ತುಂಬುವ ಮೊದಲೇ ಕುಡಿಯತೊಡಗಿದವರಲ್ಲಿ ನೂರಕ್ಕೆ ಸುಮಾರು 40 ಮಂದಿ ಮುಂದೆ ಎಂದಾದರೊಮ್ಮೆ ಕುಡಿತಕ್ಕೆ ದಾಸರಾಗಿದ್ದರು. 20 ದಾಟಿದ ಮೇಲೆ ಆರಂಭಿಸಿದವರಲ್ಲಿ ಈ ಸಂಖ್ಯೆ ಸುಮಾರು 10. ಮನೆತನದ ವಾಡಿಕೆ, ಜೊತೆಗಾರರು, ಬಡತನ ಇವೆಲ್ಲವೂ ಇದರಲ್ಲಿ ಕೂಡಿರುತ್ತವೆ, ನಿಜ. ಆದರೂ ಮೊದಲ ಗುಟುಕನ್ನು ಐದು ವರ್ಷ ಮುಂದೂಡುವುದು ಯಾವ ತಂದೆಗೂ ನಷ್ಟದ ವ್ಯಾಪಾರವಲ್ಲ.

ಪ್ರಾಣಕ್ಕೇ ಸಂಬಂಧಿಸಿದ ಒಂದು ಸಂಗತಿಯುಂಟು. ದಿನವೆಲ್ಲ ಹೊಲದಲ್ಲಿ ದುಡಿದು, ಬರಿ ಹೊಟ್ಟೆಯಲ್ಲಿ ಕುಡಿದ ಹುಡುಗನಿಗೆ ರಕ್ತದ ಸಕ್ಕರೆ ಕುಸಿಯಬಹುದು. ಊಟವಿಲ್ಲದಾಗ ಹೊಸ ಸಕ್ಕರೆ ತಯಾರಿಸಿಕೊಡುವುದು ಯಕೃತ್ತೇ. ಮದ್ಯಸಾರ ಆ ಕೆಲಸವನ್ನು ತಡೆಯುತ್ತದೆ. ಚಿಕ್ಕ ಮೈಯಲ್ಲಿ ಶೇಖರವೂ ಕಡಿಮೆ. ಹುಡುಗ ಬೆವೆತು, ತಣ್ಣಗಾಗಿ, ಪ್ರಜ್ಞೆ ತಪ್ಪಿದರೂ ನೋಡುವವರು "ಮತ್ತು ಏರಿದೆ, ಮಲಗಲಿ ಬಿಡಿ" ಎನ್ನುತ್ತಾರೆ. ಹಾಗೆ ಬಿಡಬಾರದು. ಕರೆದರೆ ಏಳದಿದ್ದರೆ, ಉಸಿರು ತೀರ ನಿಧಾನವಾದರೆ, ತುಟಿ ನೀಲಿಗಟ್ಟಿದರೆ, ಫಿಟ್ಸ್ ಬಂದರೆ ತಕ್ಷಣ 108ಕ್ಕೆ ಫೋನು ಮಾಡಿರಿ. ಗಾಡಿ ಬರುವವರೆಗೆ ಅಂಗಾತ ಮಲಗಿಸದೆ ಒಂದು ಮಗ್ಗುಲಿಗೆ ಮಲಗಿಸಿರಿ. ವಾಂತಿಯಾದರೆ ಅದು ಶ್ವಾಸನಾಳಕ್ಕೆ ಹೋಗಿಯೇ ಎಷ್ಟೋ ಜೀವ ಹೋಗುತ್ತವೆ. ಬಾಯಿಗೆ ಏನನ್ನೂ ಹಾಕಬೇಡಿರಿ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿರಿ, ಒಬ್ಬರು ಪಕ್ಕದಲ್ಲಿಯೇ ಇರಿ.

ಕಾಯಿದೆಯ ಮಾತನ್ನೂ ಹೇಳಬೇಕು. 2015ರ ಬಾಲನ್ಯಾಯ ಕಾಯಿದೆಯಂತೆ, ವೈದ್ಯರ ಆಜ್ಞೆಯಿಲ್ಲದೆ 18 ತುಂಬದವರಿಗೆ ಮದ್ಯ ಕೊಟ್ಟವರಿಗೆ 7 ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ. ಮದ್ಯವನ್ನು ಮಾರಲು, ಸಾಗಿಸಲು ಮಕ್ಕಳನ್ನು ಬಳಸಿಕೊಂಡವರಿಗೂ ಇಷ್ಟೇ ಶಿಕ್ಷೆಯುಂಟು. ಕೊಟ್ಟವನು ಅಂಗಡಿಯವನಾದರೇನು, ಸೋದರಮಾವನಾದರೇನು, ಕಾಯಿದೆ ಭೇದ ಮಾಡುವುದಿಲ್ಲ. 2019ರ ತಿದ್ದುಪಡಿಯ ಮೇಲೆ, ಅಪ್ರಾಪ್ತ ವಯಸ್ಸಿನವನು ವಾಹನ ನಡೆಸಿ ಅಪರಾಧವಾದರೆ ಪೋಷಕರಿಗೂ ವಾಹನದ ಮಾಲೀಕರಿಗೂ 3 ವರ್ಷದವರೆಗೆ ಸಜೆ ಮತ್ತು 25,000 ರೂಪಾಯಿ ದಂಡ ಬೀಳಬಹುದು. ಟ್ರ್ಯಾಕ್ಟರಿನ ಕೀಲಿಯನ್ನು ಗೂಟಕ್ಕೆ ನೇತುಹಾಕುವವರು ಇದನ್ನು ಮರೆಯಬಾರದು.

ಮಗ ಕುಡಿಯತೊಡಗಿದ್ದಾನೆಂದು ತಿಳಿದಾಗ ಆ ರಾತ್ರಿಯೇ ಬಡಿಯುವುದರಿಂದ ಫಲವಿಲ್ಲ. ಮತ್ತಿನಲ್ಲಿದ್ದವನಿಗೆ ಬುದ್ಧಿ ಹೇಳುವುದೂ ಒಂದೇ, ಬಂಡೆಯ ಮೇಲೆ ಬಿತ್ತುವುದೂ ಒಂದೇ. ಮಾರನೆಯ ದಿನ ತಿಳಿಯಾದ ಮೇಲೆ, ನಾಲ್ಕು ಜನರ ಎದುರಿಗಲ್ಲದೆ, ಕೂತು ಮಾತಾಡಿರಿ. "ಮದುವೆ ಮಾಡಿದರೆ ಸರಿಹೋಗುತ್ತಾನೆ" ಎಂಬ ಸಲಹೆ ಕೊಡುವವರು ಪ್ರತಿ ಊರಿನಲ್ಲೂ ಇದ್ದಾರೆ. ಅವರು ತಮ್ಮ ಮಗಳನ್ನು ಕೊಡಲು ಮುಂದೆ ಬಂದದ್ದನ್ನು ಕಂಡವರಿಲ್ಲ. ಕಾಫಿಯಲ್ಲಿ ಗುಟ್ಟಾಗಿ ಬೆರೆಸುವ ಬಿಡಿಸುವ ಪುಡಿಯನ್ನಂತೂ ಮುಟ್ಟಲೇಬೇಡಿರಿ. ಇಂಥವುಗಳಲ್ಲಿ ಇರಬಹುದಾದ ಮದ್ದು, ಮದ್ಯದೊಂದಿಗೆ ಸೇರಿ ರಕ್ತದೊತ್ತಡವನ್ನು ಕುಸಿಯುವಂತೆ ಮಾಡಿ ಪ್ರಾಣ ತೆಗೆಯಬಲ್ಲದು. ದಿನವೂ ಕುಡಿಯುವ ಮಟ್ಟ ಮುಟ್ಟಿದ್ದರೆ ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವ ಸಾಹಸವೂ ಬೇಡ; ಥಟ್ಟನೆ ನಿಲ್ಲಿಸಿದಾಗ ಫಿಟ್ಸ್ ಬರುವುದುಂಟು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಲ್ಲಿ ಕೇಳಿದರೆ ಮುಂದಿನ ದಾರಿ ಹೇಳುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವೇ ಇದೆ. ಅಷ್ಟು ದೂರ ಹೋಗಲಾಗದವರು 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಫೋನು ಮಾಡಬಹುದು. 2022ರಲ್ಲಿ ಆರಂಭವಾದ ಈ ಸರ್ಕಾರಿ ಸೇವೆಯಲ್ಲಿ ಹಗಲಿರುಳೂ ಕನ್ನಡದಲ್ಲಿಯೇ ಮಾತಾಡಬಹುದು, ಖರ್ಚಿಲ್ಲ.