ಬೋಲ್ಟ್ ಬಿಗಿ ಹಿಡಿದರೆ ಬಂದೂಕು ಕೆಳಗಿಡಿ!

ಕೆರೆಬಿಳಚಿ: ಮೆಕ್ಕೆಜೋಳ ತೆನೆಗಟ್ಟಿತೆಂದರೆ ಚನ್ನಗಿರಿ ಸೀಮೆಯಲ್ಲಿ ಕಾಡುಹಂದಿಯ ಮಾತು ಶುರು. ಹಂದಿಯ ಮಾತಿನ ಬೆನ್ನಿಗೇ ಬಂದೂಕಿನ ಮಾತು. ಅಜ್ಜನ ಕಾಲದಲ್ಲಿ ಬೆಳೆ ಕಾಯಲೆಂದು ಲೈಸೆನ್ಸ್ ಮಾಡಿಸಿದ ರೈಫಲ್ಲು ಅಪ್ಪನಿಗೆ ಬಂದು, ಈಗ ಮೊಮ್ಮಗನ ಹೆಸರಿಗೆ ಆಗಿರುವ ಮನೆಗಳು ಉಂಟು. ಬಂದೂಕು ಬಂತು, ಅದರ ಸ್ವಭಾವ ತಿಳಿದಿದ್ದ ಅಜ್ಜ ಮಾತ್ರ ಇಲ್ಲ. ಅಪಾಯ ಇರುವುದು ಇಲ್ಲೇ.

ನಮ್ಮ ದೇಶದ ಲೈಸೆನ್ಸುದಾರರ ಕೈಯಲ್ಲಿ ಹೆಚ್ಚಾಗಿ ಕಾಣುವ ರೈಫಲ್ಲು ಪಾಯಿಂಟ್ 315. ಬಂಗಾಳದ ಇಶಾಪುರದ ಸರ್ಕಾರಿ ಕಾರ್ಖಾನೆಯ ಮಾಲು. ಬ್ರಿಟಿಷರು ಸೈನ್ಯದ ಪಾಯಿಂಟ್ 303 ತೋಟಾ ಜನರ ಕೈಗೆ ಸಿಗಬಾರದೆಂದು ಈ ಬೇರೆ ಅಳತೆಯನ್ನು ಬಳಕೆಗೆ ತಂದರು. ಗಟ್ಟಿ ಬಂದೂಕು, ಸುಳ್ಳಲ್ಲ. ಆದರೆ ಎಷ್ಟೇ ಗಟ್ಟಿಯಾದರೂ ಒತ್ತಡಕ್ಕೆ ಒಂದು ಮಿತಿ ಇದ್ದೇ ಇದೆ.

ಗುಂಡು ಹಾರಿದಾಗ ಆಗುವುದೇನು? ಮದ್ದು ಉರಿದು ಅನಿಲವಾಗುತ್ತದೆ. ಹಿತ್ತಾಳೆಯ ತೋಟಾ ಕ್ಷಣಮಾತ್ರ ಉಬ್ಬಿ ಗೂಡಿನ ಗೋಡೆಗೆ ಅಂಟಿಕೊಂಡು, ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಗುಂಡು ಹೊರಬಿದ್ದು ಒತ್ತಡ ಇಳಿದ ಮೇಲೆ ಹಿತ್ತಾಳೆ ತುಸು ಕುಗ್ಗುತ್ತದೆ, ಬೋಲ್ಟ್ ಸಲೀಸಾಗಿ ಏಳುತ್ತದೆ. ಒತ್ತಡ ಮಿತಿ ಮೀರಿದರೆ ಹಿತ್ತಾಳೆ ಅತಿಯಾಗಿ ಹಿಗ್ಗಿ ಮತ್ತೆ ಕುಗ್ಗುವುದೇ ಇಲ್ಲ. ಆಗಲೇ "ಏನಣ್ಣಾ, ಬೋಲ್ಟ್ ಬಿಗಿ ಹಿಡಿತೈತಲ್ಲ" ಅನ್ನುವ ಮಾತು ಬರುವುದು. "ವಸಿ ಎಣ್ಣೆ ಬಿಡು, ಸರಿ ಹೋಗ್ತೈತೆ" ಅಂತ ಪಕ್ಕದವನ ಸಲಹೆ. ಈ ಸಲಹೆಯಷ್ಟು ಕೆಟ್ಟದ್ದು ಇನ್ನೊಂದಿಲ್ಲ. ತೋಟಾ ಕೂರುವ ಗೂಡಿನಲ್ಲಿ ಎಣ್ಣೆಯ ಪಸೆ ಇದ್ದರೆ ಹಿತ್ತಾಳೆಗೆ ಗೋಡೆಯ ಹಿಡಿತ ಸಿಗದು, ಪೂರಾ ಹೊಡೆತ ಬೋಲ್ಟಿನ ಮೇಲೆ ಬೀಳುತ್ತದೆ. ಬೋಲ್ಟಿನ ಹಿಂದೆ ಇರುವುದು ಹೊಡೆದವನ ಕಣ್ಣು.

ಬಿಗಿ ಹಿಡಿದ ಬೋಲ್ಟನ್ನು ಮರದ ತುಂಡಿನಿಂದ ಬಡಿದು ಮುಂದಿನ ತೋಟಾ ತುಂಬುವವರೂ ಉಂಟು. ಹಾಗೆ ಮಾಡುವ ಬದಲು ಖಾಲಿ ತೋಟಾದ ತಳವನ್ನು ಬೆಳಕಿಗೆ ಹಿಡಿದು ನೋಡಬೇಕು. ಅಲ್ಲಿ ನಡುವೆ ಕೂತಿರುವ ಕೇಪಿನ ಅಂಚು ಸಾಮಾನ್ಯವಾಗಿ ದುಂಡಗಿರುತ್ತದೆ. ಅದು ಚಪ್ಪಟೆಯಾಗಿ ತಳಕ್ಕೆ ಮೆತ್ತಿಕೊಂಡಿದ್ದರೆ, ಸೂಜಿ ಹೊಡೆದ ಗುಳಿಯ ಸುತ್ತ ಏರಿ ಎದ್ದಿದ್ದರೆ, ಕೇಪು ತೂತಾಗಿ ಸುತ್ತ ಕಪ್ಪು ಮಸಿ ಹತ್ತಿದ್ದರೆ ಒತ್ತಡದ ಗುಮಾನಿ ಪಡಬೇಕು. ಸವೆದ ಸೂಜಿಯಿಂದಲೂ ಏರಿ ಏಳುವುದುಂಟು. ಆದ್ದರಿಂದ ಒಂದೇ ಗುರುತು ನೋಡಿ ತೀರ್ಮಾನ ಬೇಡ. ಬಿಗಿ ಬೋಲ್ಟ್, ಚಪ್ಪಟೆ ಕೇಪು, ತಳದಲ್ಲಿ ಹೊಸದಾಗಿ ಹೊಳೆಯುವ ಉಜ್ಜಿದ ಗುರುತು, ಇವು ಒಟ್ಟಿಗೆ ಕಂಡರೆ ಅನುಮಾನವೇ ಬೇಡ.

ತಳದಿಂದ ತುಸು ಮೇಲೆ ಸುತ್ತಲೂ ಬೆಳ್ಳಗೆ ಹೊಳೆಯುವ ಉಂಗುರ ಕಂಡರೆ ಅದು ಬೇರೆ ಕಾಯಿಲೆ. ಬೋಲ್ಟಿಗೂ ಗೂಡಿಗೂ ನಡುವೆ ಸವೆದು ಜಾಗ ಹೆಚ್ಚಾಗಿ ಹಿತ್ತಾಳೆ ಎಳೆದುಕೊಂಡಿದೆ ಎಂದು ಅರ್ಥ. ಹಾಗೇ ಬಿಟ್ಟರೆ ಒಂದು ದಿನ ತೋಟಾ ಎರಡು ತುಂಡು.

ಒತ್ತಡ ಏರಲು ಕಾರಣಗಳು ಮನೆಯಲ್ಲೇ ಇರುತ್ತವೆ. ಬೇಸಿಗೆಯಲ್ಲಿ ತಗಡಿನ ಮಾಡಿನ ಅಟ್ಟದ ಮೇಲೆ ತೋಟಾ ಇಟ್ಟರೆ ಕಾದ ಮದ್ದು ಜೋರಾಗಿ ಉರಿಯುತ್ತದೆ. ವರ್ಷಗಟ್ಟಲೆ ಮೂಲೆಯಲ್ಲಿ ನಿಂತ ನಳಿಗೆಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ. ಎಲ್ಲಕ್ಕಿಂತ ಅಪಾಯ "ಟುಸ್" ಎಂದ ತೋಟಾ. ಸಪ್ಪಳ ಸಣ್ಣದಾಯಿತೆಂದರೆ ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಸಿಡಿಯುತ್ತದೆ. ಕುದುರೆ ಎಳೆದರೂ ಸದ್ದೇ ಬಾರದಿದ್ದರೆ ಬಾಯನ್ನು ಜನರಿಲ್ಲದ ಕಡೆಗೇ ಹಿಡಿದು ಒಂದು ನಿಮಿಷವಾದರೂ ಕಾಯಬೇಕು. ತಡವಾಗಿ ಹೊತ್ತುವುದೂ ಉಂಟು.

ದುರಸ್ತಿಗೆ ಊರಿನ ಕುಲುಮೆಗೆ ಒಯ್ಯುವ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಬಂದೂಕು ರಿಪೇರಿ ಮಾಡುವ ಅಂಗಡಿಗೂ ಲೈಸೆನ್ಸ್ ಬೇಕು. ಅರ ಹಾಕಿ ಬೋಲ್ಟ್ "ಸಡಿಲ" ಮಾಡಿಕೊಟ್ಟ ಕಮ್ಮಾರನೂ ಸಿಕ್ಕಿಬೀಳುತ್ತಾನೆ, ಮಾಡಿಸಿದವನ ಕೈಯೂ ಉಳಿಯುವ ಖಾತ್ರಿ ಇಲ್ಲ.

ಇನ್ನು ಹಂದಿಯ ವಿಷಯ. ಬಂದೂಕಿಗೆ ಲೈಸೆನ್ಸ್ ಇದ್ದ ಮಾತ್ರಕ್ಕೆ ಹೊಡೆಯಲು ಅಪ್ಪಣೆ ಇದೆ ಎಂದಲ್ಲ. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ ಕಾಡುಹಂದಿ 2ನೇ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಹಾನಿಯಾಗುತ್ತಿದ್ದರೆ 11ನೇ ಕಲಮಿನಂತೆ ಅಧಿಕಾರವುಳ್ಳ ಅರಣ್ಯಾಧಿಕಾರಿ ಬರಹದ ಅಪ್ಪಣೆ ಕೊಡಬೇಕು. ಆ ಕಾಗದ ಇಲ್ಲದೆ ಹೊಡೆದರೆ ಕೇಸು.

ಚುನಾವಣೆಗೆ ಮುಂಚೆ ಠಾಣೆಗೆ ಒಪ್ಪಿಸಿ ಬಿಡಿಸಿಕೊಂಡು ತಂದ ಬಂದೂಕಾದರೆ ಇನ್ನೂ ಜಾಗ್ರತೆ ಬೇಕು. ಮೊದಲು ತೋಟಾ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬೋಲ್ಟ್ ತೆಗೆದು, ಹಿಂದಿನಿಂದ ನಳಿಗೆಯೊಳಗೆ ಬೆಳಕು ಹಾಯುತ್ತದೆಯೇ ನೋಡಿ, ಒಣ ಬಟ್ಟೆಯಿಂದ ಗೂಡು ಒರೆಸಬೇಕು. ಗುಮಾನಿ ಬಂದ ಖಾಲಿ ತೋಟಾ ಬಿಸಾಡದೆ, ಅದೇ ಪೆಟ್ಟಿಗೆಯ ಉಳಿದ ತೋಟಾ ಮುಟ್ಟದೆ, ಲೈಸೆನ್ಸ್ ಪುಸ್ತಕದ ಜೊತೆ ಲೈಸೆನ್ಸುಳ್ಳ ಬಂದೂಕಿನ ಅಂಗಡಿಗೆ ಒಯ್ಯಬೇಕು. ಬಂದೂಕಿನ ಕಾಯಿಲೆಯೋ ತೋಟಾದ ಕಾಯಿಲೆಯೋ ಎಂದು ಬಲ್ಲವನು ಹುಡುಕಲು ಶುರು ಮಾಡುವುದು ಆ ಖಾಲಿ ಹಿತ್ತಾಳೆಯಿಂದಲೇ.