‘ಸಾಕ್ಷಿ’ ಹೇಳುವುದು ತಪ್ಪೇ?

ಪಾವಗಡದಿಂದ ಮಧುಗಿರಿ, ಕೊರಟಗೆರೆ ಮೇಲೆ ತುಮಕೂರಿಗೆ ಹೋಗುವ ಬಸ್ಸು ಹತ್ತಿ ನೋಡಿ. ಅರ್ಧ ದಾರಿ ಮಾತೆಲ್ಲ ದೇವರದ್ದೇ. “ಗೊರವನಹಳ್ಳಿ ಲಕ್ಷ್ಮಿಗೆ ಹರಕೆ ಹೊತ್ತೆ ಕಣಮ್ಮಾ, ಮೂರೇ ತಿಂಗಳಿಗೆ ಮಗಳ ಮದುವೆ ಕೂಡಿ ಬಂತು” ಅಂತ ಒಬ್ಬಾಕೆ. “ಶನಿಮಹಾತ್ಮನಿಗೆ ನಡಕೊಂಡ ಮೇಲೆ ಅಂಗಡಿ ಸಾಲ ತೀರಿತು ಸ್ವಾಮಿ” ಅಂತ ಇನ್ನೊಬ್ಬರು. ಶಿರಾ ಕಡೆಯವರಾದರೆ ಮಲಿಕ್ ರಿಹಾನ್ ದರ್ಗಾದ ಮಾತು. ಕೇಳಿಸಿಕೊಂಡವರು ಮುಂದಿನ ವಾರ ತಾವೂ ಹೊರಡುತ್ತಾರೆ. ಇದರಲ್ಲಿ ತಪ್ಪು ಹುಡುಕುವವರು ಯಾರೂ ಇಲ್ಲ.

ಅದೇ ಬಸ್ಸಿನಲ್ಲಿ, ಅದೇ ಸೀಟಿನಲ್ಲಿ ಕೂತು ಒಬ್ಬ ಹೆಂಗಸು “ಯೇಸಪ್ಪನ ಹತ್ತಿರ ಬೇಡಿಕೊಂಡೆ, ನಮ್ಮನೆಯವರು ಕುಡಿಯೋದು ಬಿಟ್ಟರು” ಅಂದಳು ಅಂತಿಟ್ಟುಕೊಳ್ಳಿ. ಬಸ್ಸು ಗಪ್‌ಚಿಪ್! ಹಿಂದಿನ ಸೀಟಿನವನು ಕತ್ತು ಉದ್ದ ಮಾಡುತ್ತಾನೆ. ಮತಾಂತರದ ವಾಸನೆ ಬಂತು ಅಂತ.

ಕ್ರೈಸ್ತರ ಮಾತಿನಲ್ಲಿ ಇದಕ್ಕೆ ‘ಸಾಕ್ಷಿ ಹೇಳುವುದು’ ಅನ್ನುತ್ತಾರೆ. ಕೋರ್ಟಿನ ಸಾಕ್ಷಿಯಲ್ಲ. ನನ್ನ ಬಾಳಿನಲ್ಲಿ ಹೀಗಾಯಿತು, ನಾನು ಹೀಗೆ ನಂಬಿದೆ ಅಂತ ನಾಲ್ಕು ಜನದ ಮುಂದೆ ಹೇಳುವುದು. ಕೇಳಿದವರಲ್ಲಿ ಯಾರಿಗಾದರೂ ನಾಟಿದರೆ ನಾಟಿತು. ದೊಡ್ಡ ದೊಡ್ಡ ಪ್ರಸಂಗಗಳಿಗಿಂತ ಈ ಸಣ್ಣ ಮಾತಿಗೇ ಜನ ಓಗೊಟ್ಟಿದ್ದು ಹೆಚ್ಚು ಅನ್ನುವುದಕ್ಕೆ ನಮ್ಮ ನಾಡಿನ ಚರಿತ್ರೆಯೇ ಇದೆ.

ದೂರ ಹೋಗುವುದು ಬೇಡ. ನಮ್ಮದೇ ಜಿಲ್ಲೆಯ ಗುಬ್ಬಿಗೆ 1837ರಲ್ಲಿ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಬಂದು ಠಾಣೆ ಹೂಡಿದ. ಎರಡು ವರ್ಷದ ಮೇಲೆ ವಿಲಿಯಂ ಆರ್ಥರ್ ಅನ್ನುವ ಎಳೆ ಪ್ರಾಯದ ಪಾದ್ರಿ ಬಂದ. ಕನ್ನಡ ಕಲಿತ, ಊರೂರು ಸುತ್ತಿ ಬೋಧನೆ ಮಾಡಿದ. ಕಣ್ಣು ಕೆಟ್ಟು 1841ರಲ್ಲಿ ಸೀಮೆಗೆ ವಾಪಸು ಹೋದ. ಆ ಕಾಲದಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡವರು ಬೆರಳೆಣಿಕೆ. ಕೇಳುವುದಕ್ಕೆ ಜನ ಸೇರುತ್ತಿದ್ದರು. ಬಿಳಿಯ ದೊರೆ ಕನ್ನಡ ಮಾತಾಡಿದರೆ ಯಾರು ತಾನೇ ನಿಲ್ಲುವುದಿಲ್ಲ?

ಅವರಿಗಿಂತ ಮುಂಚೆ ಮೈಸೂರು ಸೀಮೆಯಲ್ಲಿ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಇದ್ದ. ಪೇಟ ಸುತ್ತಿ, ಮಾಂಸ ಬಿಟ್ಟು, ನಮ್ಮವರಂತೆಯೇ ಬಾಳಿದ. ಜನ ‘ದೊಡ್ಡ ಸ್ವಾಮಿಯೋರು’ ಅಂತ ಕರೆಯುತ್ತಿದ್ದರು. ಮೂವತ್ತು ವರ್ಷ ಈ ದೇಶದಲ್ಲಿ ದುಡಿದ ಆತ 1823ರಲ್ಲಿ ಊರಿಗೆ ಹೋದವನು ಪುಸ್ತಕ ಬರೆದು, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಹೋಗದ ಮಾತು ಅಂತ ಕೈಚೆಲ್ಲಿಬಿಟ್ಟ!

ಹಾಗಾದರೆ ನಂಬಿದವರು ಹೇಗೆ ನಂಬಿದರು? ಮಂಗಳೂರಿನ ಆನಂದರಾವ್ ಕೌಂಡಿನ್ಯರ ಸಂಗತಿ ನೋಡಿ. ಬ್ರಾಹ್ಮಣರ ಹುಡುಗ, ಬಾಸೆಲ್ ಮಿಷನ್ ಶಾಲೆಯಲ್ಲಿ ಓದುತ್ತಿದ್ದ. ಅಲ್ಲಿದ್ದವನು ಹರ್ಮನ್ ಮೊಗ್ಲಿಂಗ್. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟ ಮಹಾಶಯ (ನಮ್ಮ ಕಸುಬಿನವರ ಮೂಲಪುರುಷ ಅನ್ನಿ). ಗುರುಶಿಷ್ಯರ ನಡುವೆ ಪಾಠದ ಜೊತೆ ಬಿಚ್ಚುಮನಸ್ಸಿನ ಮಾತೂ ನಡೆಯಿತು. 1844ರ ಜನವರಿಯಲ್ಲಿ ಹುಡುಗ ದೀಕ್ಷಾಸ್ನಾನ ಮಾಡಿಸಿಕೊಂಡಾಗ ಮಂಗಳೂರೇ ಗದ್ದಲವೆದ್ದಿತು. ಬಂಧುಬಳಗ ದೂರವಾಯಿತು. ಕೌಂಡಿನ್ಯ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿ, 1893ರಲ್ಲಿ ಸಾಯುವ ತನಕ ಇಲ್ಲೇ ದುಡಿದರು. ಆಮಿಷಕ್ಕೆ ಹೋದವರು ಮನೆಮಾರು ಕಳಕೊಂಡು ಐವತ್ತು ವರ್ಷ ನಿಲ್ಲುತ್ತಾರೆಯೆ?

ಇನ್ನೊಬ್ಬರು ರೆವರೆಂಡ್ ಉತ್ತಂಗಿ ಚನ್ನಪ್ಪ. ಪಾದ್ರಿ. ಊರೂರು ಅಲೆದು ಸರ್ವಜ್ಞನ ವಚನ ಕೂಡಿಹಾಕಿ 1924ರಲ್ಲಿ ಅಚ್ಚು ಹಾಕಿಸಿದವರು. 1949ರಲ್ಲಿ ಕಲಬುರ್ಗಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರು. ತನ್ನ ನಂಬಿಕೆ ಹೇಳುವವನು ಎದುರಿನವನ ಮಾತನ್ನೂ ಇಷ್ಟು ಕಿವಿಗೊಟ್ಟು ಕೇಳಿದರೆ ಜಗಳ ಎಲ್ಲಿಂದ ಬಂತು?

ಕಾನೂನಿಗೆ ಬರೋಣ. ಸಂವಿಧಾನದ 25ನೇ ವಿಧಿ ತನ್ನ ಧರ್ಮ ನಂಬುವುದಕ್ಕೆ, ಆಚರಿಸುವುದಕ್ಕೆ, ಪ್ರಚಾರ ಮಾಡುವುದಕ್ಕೆ ಹಕ್ಕು ಕೊಟ್ಟಿದೆ. 1977ರಲ್ಲಿ ಸ್ಟಾನಿಸ್ಲಾಸ್ ಎಂಬ ಪಾದ್ರಿಯ ಕೇಸಿನಲ್ಲಿ ಸುಪ್ರೀಂ ಕೋರ್ಟು, ಪ್ರಚಾರದ ಹಕ್ಕಿದೆ, ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಿಲ್ಲ ಅಂತ ಗೆರೆ ಎಳೆಯಿತು. ಹೇಳಬಹುದು, ಮಾಡಬಾರದು. ದೆಹಲಿಯಲ್ಲಿ ಎಳೆದ ಗೆರೆ ಪಾವಗಡದ ಬಸ್ಸಿನಲ್ಲಿ ಎಲ್ಲಿ ಬೀಳುತ್ತದೆ ಅನ್ನುವುದೇ ತಲೆನೋವು.

2022ರಲ್ಲಿ ಕರ್ನಾಟಕ ತನ್ನದೇ ಕಾಯ್ದೆ ತಂದಿತು. ಮತ ಬದಲಾಯಿಸುವವರು 30 ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಬರಕೊಡಬೇಕು. ಬಲವಂತ, ಮೋಸ, ಆಮಿಷ ಕಂಡರೆ ಮೂರರಿಂದ ಐದು ವರ್ಷ ಜೈಲು. ಹೆಂಗಸರು, ಮಕ್ಕಳು, ಪರಿಶಿಷ್ಟರ ವಿಷಯದಲ್ಲಿ ಹತ್ತು ವರ್ಷದ ತನಕ. ‘ಆಮಿಷ’ದ ಅರ್ಥದೊಳಗೆ ದೇವರ ಅವಕೃಪೆಯ ಮಾತನ್ನೂ ಸೇರಿಸಿದರು. ಹರಕೆ ತೀರಿಸದಿದ್ದರೆ ದೇವರು ಮುನಿಯುತ್ತಾನೆ ಅನ್ನೋದು ನಮ್ಮ ಮನೆಮನೆಯ ಮಾತಲ್ಲವೆ? 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಈ ಕಾಯ್ದೆ ಕಿತ್ತುಹಾಕುವ ತೀರ್ಮಾನ ಮಾಡಿತು.

ಮೋಸವೇ ಇಲ್ಲ ಅಂತ ನಾವು ಹೇಳುತ್ತಿಲ್ಲ. ಔಷಧಿ ಬಿಡಿ, ಪ್ರಾರ್ಥನೆಯಿಂದಲೇ ಸಕ್ಕರೆ ಕಾಯಿಲೆ ವಾಸಿ ಅನ್ನುವವನು ಪಾದ್ರಿಯಾಗಲಿ, ಸ್ವಾಮಿಯಾಗಲಿ, ತಾಯಿತ ಕಟ್ಟುವವನಾಗಲಿ, ಅವನ ಪರ ಈ ಅಂಕಣ ನಿಲ್ಲುವುದಿಲ್ಲ. ಆದರೆ ಊರಿಗೆ ಊರೇ ಮತ ಬದಲಾಯಿಸುತ್ತಿದೆ ಅನ್ನುವ ಕೂಗಿಗೆ ಜನಗಣತಿ ಜೊತೆ ಕೊಡುವುದಿಲ್ಲ. ರಾಜ್ಯದಲ್ಲಿ ಕ್ರೈಸ್ತರು 2001ರಲ್ಲಿ ನೂರಕ್ಕೆ 1.91, 2011ರಲ್ಲಿ 1.87. ಇಳಿದಿದೆ, ಏರಿಲ್ಲ.

“ಲೆಕ್ಕಕ್ಕೆ ಬರೆಸೋದಿಲ್ಲ ಸಾರ್, ಒಳಗೊಳಗೇ ನಂಬ್ತಾರೆ” ಅನ್ನುವವರಿದ್ದಾರೆ. ಇರಬಹುದು. ಅದಕ್ಕೆ ಕಾರಣ ಪಾದ್ರಿಯ ಕುಯುಕ್ತಿಯಲ್ಲ, ತಾಲ್ಲೂಕು ಕಚೇರಿಯ ಕಾಗದ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಅನ್ನಿಸಿಕೊಳ್ಳಲು ಹಿಂದೂ ಆಗಿರಬೇಕು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತನಾದರೆ ಸರ್ಟಿಫಿಕೇಟು ಹೋಯಿತು. ಕೇರಿಯಲ್ಲಿ ಮನೆ ಅದೇ, ಬಾವಿ ಅದೇ, ಊರವರ ನೋಟವೂ ಅದೇ, ಕಾಗದ ಮಾತ್ರ ಬೇರೆ. 2024ರ ನವೆಂಬರ್‌ನಲ್ಲಿ ಪುದುಚೇರಿ ಕಡೆಯ ಹೆಣ್ಣುಮಗಳೊಬ್ಬಳು, ನಾನು ಹಿಂದೂ, ಪರಿಶಿಷ್ಟ ಸರ್ಟಿಫಿಕೇಟು ಕೊಡಿಸಿ ಅಂತ ಸುಪ್ರೀಂ ಕೋರ್ಟಿಗೆ ಹೋದಳು. ನೀನು ದೀಕ್ಷಾಸ್ನಾನ ಆದವಳು, ಚರ್ಚಿಗೆ ನಡಕೊಳ್ಳುವವಳು, ಮೀಸಲಾತಿಗಾಗಿ ಮಾತ್ರ ಹಿಂದೂ ಅನ್ನುವುದು ಸಂವಿಧಾನಕ್ಕೆ ಬಗೆದ ವಂಚನೆ ಅಂತ ಕೋರ್ಟು ಅರ್ಜಿ ತಳ್ಳಿಹಾಕಿತು.

ಈಗ ಮತ್ತೆ ಆ ಬಸ್ಸಿನ ಹೆಂಗಸನ್ನೇ ನೆನೆಸಿಕೊಳ್ಳಿ. ಮಗ ಹಾಸ್ಟೆಲಿಗೆ ಅರ್ಜಿ ಹಾಕಿದ್ದಾನೆ ಅನ್ನೋಣ. ಗಂಡ ಕುಡಿತ ಬಿಟ್ಟ ಸಂತೋಷವನ್ನು ಪಕ್ಕದ ಸೀಟಿನವಳ ಹತ್ತಿರ ಹೇಳಿಕೊಳ್ಳಬೇಕೋ, ಬಾಯಿ ಮುಚ್ಚಿಕೊಂಡು ತುಮಕೂರಿನಲ್ಲಿ ಇಳಿಯಬೇಕೋ, ಆಕೆಯೇ ತೀರ್ಮಾನಿಸಬೇಕು.